ಕೆರೆಗೆ ಬಿದ್ದವರಿಗೆ ಉಪ್ಪಲ್ಲ, ಉಸಿರು ಬೇಕು

ಬೇಸಿಗೆ ರಜೆ ಶುರುವಾದ ಕೂಡಲೇ ಕೆಲವು ಪ್ರಶ್ನೆಗಳು ತಪ್ಪದೆ ಬರುತ್ತವೆ. ಹೋದ ವರ್ಷ ಕೇಳಿದ್ದೇ ಈ ವರ್ಷವೂ. ನೀರು ಜಾಸ್ತಿ ಕುಡಿಯಬೇಕಾ, ಟೋಪಿ ಹಾಕಬೇಕಾ, ಮಟಮಟ ಮಧ್ಯಾಹ್ನ ತೋಟಕ್ಕೆ ಹೋಗಬಹುದಾ ಅಂತ ಬರೆದವರಿಗೆ ಇಲ್ಲಿ ಉತ್ತರ ಇಲ್ಲ. ಅದನ್ನು ನಿಮ್ಮ ಅಜ್ಜಿ ನನಗಿಂತ ಚೆನ್ನಾಗಿ ಹೇಳುತ್ತಾರೆ. ತುರ್ತು ಚಿಕಿತ್ಸೆಯ ವೈದ್ಯನಾಗಿ ನನ್ನ ನಿದ್ದೆ ಕೆಡಿಸುವ ಪ್ರಶ್ನೆ ಬೇರೆ ಇದೆ: ನೀರಿನಲ್ಲಿ ಮುಳುಗಿದವರನ್ನು ಉಳಿಸುವುದು ಹೇಗೆ? ಈ ಸಲದ ಹೆಚ್ಚಿನ ಜಾಗ ಅದಕ್ಕೇ ಹೋಗಿದೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಬಿಸಿಲಿಗೆ ಹೋಗುವಾಗ ಜೇಬಿನಲ್ಲಿ ಈರುಳ್ಳಿ ಇಟ್ಟುಕೊಂಡರೆ ಸನ್‌ಸ್ಟ್ರೋಕ್ ಆಗಲ್ಲವಂತೆ, ನಿಜವೇ?

ಇಲ್ಲ. ಈರುಳ್ಳಿಯನ್ನು ಸಾರಿಗೆ ಹಾಕಿ.

ಪ್ರಶ್ನೆ: ನೀರಿನಲ್ಲಿ ಮುಳುಗಿ ಸತ್ತವರನ್ನು ಉಪ್ಪಿನ ರಾಶಿಯಲ್ಲಿ ಹೂತಿಟ್ಟರೆ ಕೆಲವು ಗಂಟೆಯಲ್ಲಿ ಜೀವ ಬರುತ್ತದೆ ಅಂತ ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ನಮ್ಮೂರಲ್ಲಿ ಕಾಲು ಹಿಡಿದು ತಲೆಕೆಳಗೆ ಮಾಡಿ ತಿರುಗಿಸುತ್ತಾರೆ. ಯಾವುದು ಸರಿ? (ಅರಸೀಕೆರೆ ಕಡೆಯ ಓದುಗರು. ಚನ್ನರಾಯಪಟ್ಟಣ, ಆಲೂರಿನಿಂದಲೂ ಇದೇ ಪ್ರಶ್ನೆ ಬಂದಿದೆ.)

ಎರಡೂ ತಪ್ಪು. ಬರೀ ತಪ್ಪಲ್ಲ, ಬದುಕುವ ಮಗುವನ್ನೂ ಸಾಯಿಸುವಂಥ ತಪ್ಪು.

ಮೊದಲು ಉಪ್ಪಿನ ವಿಷಯ. ಈ ಮೆಸೇಜ್ ನಂಬಿ ನಮ್ಮ ರಾಜ್ಯದಲ್ಲೇ ಮಕ್ಕಳ ದೇಹವನ್ನು ಗಂಟೆಗಟ್ಟಲೆ ಉಪ್ಪಿನಲ್ಲಿಟ್ಟು ಕಾದ ತಂದೆತಾಯಿ ಇದ್ದಾರೆ. ಅವರನ್ನು ನಾನು ಬೈಯಲ್ಲ. ಆ ಹೊತ್ತಿನಲ್ಲಿ ಯಾರು ಏನು ಹೇಳಿದರೂ ಮಾಡುತ್ತಾರೆ, ಪಾಪ. ಬೈಯಬೇಕಾದ್ದು ಸುಮ್ನೆ ಕೂತಲ್ಲೇ ಅದನ್ನು ಹತ್ತು ಗ್ರೂಪಿಗೆ ಫಾರ್ವರ್ಡ್ ಮಾಡಿದವರನ್ನು. ಉಪ್ಪು ಮೈಯೊಳಗಿನ ನೀರು ಹೀರುತ್ತದೆ, ಆಗ ಉಸಿರು ಬರುತ್ತದೆ ಅನ್ನುವುದು ಆ ಮೆಸೇಜಿನ ಲೆಕ್ಕ. ಉಪ್ಪು ಹಾಕಿದರೆ ನೀರು ಬಿಡೋಕೆ ಮನುಷ್ಯ ಉಪ್ಪಿನಕಾಯಿಯ ಮಾವಿನಕಾಯಿ ಅಲ್ಲ. ಚರ್ಮದ ಮೇಲಿನ ಉಪ್ಪು ಶ್ವಾಸಕೋಶಕ್ಕೆ ಏನೂ ಮಾಡಲ್ಲ. ಅದಕ್ಕಿಂತ ಮುಖ್ಯವಾಗಿ, ಮುಳುಗಿದವರು ಸಾಯುವುದು ಹೊಟ್ಟೆಯಲ್ಲಿ ನೀರು ತುಂಬಿದ್ದರಿಂದ ಅಲ್ಲ. ಮೆದುಳಿಗೆ ಆಮ್ಲಜನಕ ಹೋಗದೆ. ಉಸಿರು ನಿಂತು ನಾಲ್ಕರಿಂದ ಆರು ನಿಮಿಷದಲ್ಲಿ ಮೆದುಳು ಹಾಳಾಗಲು ಶುರುವಾಗುತ್ತದೆ.

ಇದು ಅರ್ಥವಾದರೆ ತಿರುಗಿಸುವುದು, ಹೊಟ್ಟೆ ಒತ್ತುವುದು, ಬೋರಲು ಮಲಗಿಸಿ ಬೆನ್ನು ಗುದ್ದುವುದು ಯಾಕೆ ಬೇಡ ಅಂತಲೂ ಅರ್ಥವಾಗುತ್ತದೆ. ತಿರುಗಿಸಿದಾಗ ಬಾಯಿಂದ ನೀರು ಬರುತ್ತದೆ. ಸುತ್ತ ನಿಂತವರಿಗೆ ಸಮಾಧಾನ. ಅದು ಹೊಟ್ಟೆಗೆ ಹೋಗಿದ್ದ ನೀರು, ಶ್ವಾಸಕೋಶದ್ದಲ್ಲ. ಜೊತೆಗೆ ತಿಂದ ಅನ್ನವೂ ಮೇಲೆ ಬಂದು ಶ್ವಾಸನಾಳಕ್ಕೆ ಇಳಿಯುತ್ತದೆ. ಅಷ್ಟರಲ್ಲಿ ಆ ನಾಲ್ಕು ನಿಮಿಷವೂ ಮುಗಿದಿರುತ್ತದೆ. ಮುಳುಗಿದ ಮಗುವನ್ನು ಕರೆತಂದವರನ್ನು ನಾನು ಮೊದಲು ಕೇಳುವುದು ಒಂದೇ: ನೀರಿನಿಂದ ತೆಗೆದ ಮೇಲೆ ಏನು ಮಾಡಿದಿರಿ? ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ: ತಿರುಗಿಸಿದೆವು, ಹೊಟ್ಟೆ ಒತ್ತಿದೆವು, ಯಾರೋ ಬಂದು ನೋಡಿದರು, ಆಮೇಲೆ ಓಮ್ನಿ ಸಿಕ್ಕಿತು. ಉಸಿರು ಕೊಟ್ಟೆವು ಅಂತ ಹೇಳಿದವರು ಬಹಳ ಕಡಿಮೆ.

ಮಾಡಬೇಕಾದ್ದು ಇದು. ನೀರಿನಿಂದ ತೆಗೆದ ತಕ್ಷಣ ದಡದಲ್ಲೇ, ಗಟ್ಟಿ ನೆಲದ ಮೇಲೆ, ಅಂಗಾತ ಮಲಗಿಸಿ. ಕೂಗಿ, ಅಲುಗಾಡಿಸಿ. ಪ್ರತಿಕ್ರಿಯೆ ಇಲ್ಲ, ಉಸಿರಾಟ ಕಾಣುತ್ತಿಲ್ಲ ಅಂದರೆ ಶುರು ಮಾಡಿ. ಆಗೊಮ್ಮೆ ಈಗೊಮ್ಮೆ ಬಿಕ್ಕಿದ ಹಾಗೆ ಬಾಯಿ ತೆರೆಯುವುದು ಉಸಿರಾಟ ಅಲ್ಲ. ನಾಡಿ ಹುಡುಕುತ್ತಾ ಕೂರಬೇಡಿ, ಆ ಗಾಬರಿಯಲ್ಲಿ ಅದು ನರ್ಸ್‌ಗಳಿಗೇ ಸರಿಯಾಗಿ ಸಿಗಲ್ಲ. ಹಣೆ ಹಿಂದಕ್ಕೆ ಒತ್ತಿ, ಗದ್ದ ಮೇಲೆತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿ ಹಚ್ಚಿ ಎದೆ ಏಳುವಷ್ಟು ಉಸಿರು ಊದಿ. ಹೀಗೆ ಐದು ಸಲ. ಎರಡೇ ಸಾಕು ಅಂತ ಕಲಿಸುವವರೂ ಇದ್ದಾರೆ. ಜಗಳ ಬೇಡ, ಮೊದಲು ಉಸಿರು ಕೊಡುವುದು ಮುಖ್ಯ. ಆಮೇಲೆ ಎದೆಯ ನಡುವೆ 30 ಸಲ ಜೋರಾಗಿ ಒತ್ತಬೇಕು, ಮತ್ತೆ 2 ಉಸಿರು, ಮತ್ತೆ 30. ನಿಮಿಷಕ್ಕೆ 100ರಿಂದ 120ರ ವೇಗ. ದೊಡ್ಡವರಿಗೆ ಎದೆ 5 ಸೆಂಟಿಮೀಟರ್ ಇಳಿಯಬೇಕು, ಮಕ್ಕಳಿಗೆ ಎದೆಯ ದಪ್ಪದ ಮೂರನೇ ಒಂದು ಭಾಗ. ಬಾಯಿಂದ ನೊರೆ ಬಂದರೆ ಒರೆಸುತ್ತಾ ಹೊತ್ತು ಕಳೆಯಬೇಡಿ. ವಾಂತಿ ಬಂದರೆ ಪಕ್ಕಕ್ಕೆ ಹೊರಳಿಸಿ, ಬಾಯಿ ಚೊಕ್ಕ ಮಾಡಿ, ಮುಂದುವರಿಸಿ.

ಹೃದಯಾಘಾತದ ವಿಡಿಯೊ ನೋಡಿದವರು ಬರೀ ಎದೆ ಒತ್ತಿದರೆ ಸಾಕಲ್ವಾ ಅಂತ ಕೇಳುತ್ತಾರೆ. ಹೃದಯಾಘಾತದಲ್ಲಿ ರಕ್ತದಲ್ಲಿ ಇನ್ನೂ ಆಮ್ಲಜನಕ ಇರುತ್ತದೆ, ಅದನ್ನು ಓಡಿಸಿದರೆ ಸ್ವಲ್ಪ ಹೊತ್ತು ನಡೆಯುತ್ತದೆ. ಮುಳುಗಿದವರ ರಕ್ತದಲ್ಲಿ ಅದೇ ಖಾಲಿಯಾಗಿರುತ್ತದೆ. ಹಾಗಾಗಿ ಇಲ್ಲಿ ಬಾಯಿಂದ ಉಸಿರು ಕೊಡುವುದನ್ನು ತಪ್ಪಿಸುವಂತಿಲ್ಲ.

ಇಷ್ಟು ನಡೆಯುವಾಗ ಇನ್ನೊಬ್ಬರು 108 ಅಥವಾ 112ಕ್ಕೆ ಫೋನ್ ಮಾಡಲಿ. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ. ಹಾಸನದ ಆಸ್ಪತ್ರೆಗೆ ಹೋದರೆ ಡಾಕ್ಟರ್ ನೋಡಿಕೊಳ್ಳುತ್ತಾರೆ ಅಂತ ಗಾಡಿಗೆ ಹಾಕಿಕೊಂಡು ಓಡಬೇಡಿ. ಅರ್ಧ ಗಂಟೆಯ ದಾರಿಯಲ್ಲಿ ಉಸಿರಿಲ್ಲದೆ ಬಂದ ಮಗುವಿಗೆ ನಾನು ಮಾಡುವುದು ಏನೂ ಉಳಿದಿರಲ್ಲ. ಮಗು ದಡದಲ್ಲೇ ಕೆಮ್ಮಿ ಎದ್ದು ಕೂತರೂ ಮನೆಗೆ ಕರೆದುಕೊಂಡು ಹೋಗಿ ಕಾಫಿ ಕೊಡಬೇಡಿ. ಆಸ್ಪತ್ರೆಗೆ ತನ್ನಿ. ಉಸಿರಾಟದ ತೊಂದರೆ ಕೆಲವು ಗಂಟೆ ಬಿಟ್ಟು ಶುರುವಾಗಬಹುದು.

ಪೊಲೀಸ್ ಕೇಸ್ ಆಗುತ್ತೆ ಅಂತ ದೂರ ನಿಲ್ಲುವವರಿಗೆ: ಅಪಘಾತಕ್ಕೆ ಸಿಕ್ಕವರಿಗೆ ನೆರವಾದವರನ್ನು ರಕ್ಷಿಸಲು ಕರ್ನಾಟಕ 2016ರಲ್ಲೇ ಕಾಯ್ದೆ ಮಾಡಿದೆ. ನೆಪ ಬೇರೆ ಹುಡುಕಿ.

ಓದಿ ಇದನ್ನೆಲ್ಲ ಕಲಿಯಲು ಆಗಲ್ಲ. ಬೊಂಬೆಯ ಮೇಲೆ ಒತ್ತಿ ಕಲಿಯಬೇಕು. ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್‌ನವರು ಕಲಿಸುತ್ತಾರೆ. ಊರಹಬ್ಬಕ್ಕೆ ಆರ್ಕೆಸ್ಟ್ರಾ ಕರೆಸುವ ಯುವಕ ಸಂಘಗಳು ಒಂದು ಬೆಳಿಗ್ಗೆ ಇವರನ್ನೂ ಕರೆಸಬಹುದು, ಅಲ್ವಾ?

ಪ್ರಶ್ನೆ: ನಮ್ಮೂರ ಕೆರೆ ವರ್ಷಕ್ಕೊಂದು ಬಲಿ ತೆಗೆದುಕೊಳ್ಳುತ್ತದೆ. ಪೂಜೆ ಮಾಡಿಸಿದರೂ ನಿಂತಿಲ್ಲ. ಏನು ಮಾಡಬೇಕು?

ಪೂಜೆ ಮಾಡಿಸಿ, ಬೇಡ ಅನ್ನಲ್ಲ. ಆಮೇಲೆ ಕೆರೆಯ ಒಳಗೆ ನೋಡಿ. ಬೇಸಿಗೆಯಲ್ಲಿ ಹೂಳು, ಮಣ್ಣು ಅಂತ ಜೆಸಿಬಿ ಇಳಿಸಿ ಟ್ರ್ಯಾಕ್ಟರ್‌ಗಟ್ಟಲೆ ಎತ್ತುತ್ತಾರೆ. ಒಬ್ಬೊಬ್ಬರು ಒಂದೊಂದು ಕಡೆ ತಮಗೆ ಬೇಕಾದಷ್ಟು ಆಳ ಅಗೆಯುತ್ತಾರೆ. ಮುಂಗಾರಿಗೆ ಮುಂಚಿನ ಎರಡು ಜೋರು ಮಳೆ ಬಿದ್ದರೆ ಗುಂಡಿಗಳು ನೀರಿನಡಿ ಮುಚ್ಚಿಹೋಗುತ್ತವೆ. ಮೇಲಿಂದ ನೋಡಿದರೆ ಮೊಣಕಾಲುದ್ದ ನೀರು. ನಾಲ್ಕು ಹೆಜ್ಜೆ ಹೋದರೆ ಎರಡಾಳು ಗುಂಡಿ. ಅಂಚು ನೇರ, ಹಿಡಿದುಕೊಳ್ಳಲು ಏನೂ ಇಲ್ಲ. ಪ್ರತಿ ವರ್ಷ ಅದೇ ಜಾಗದಲ್ಲಿ ಸಾವು ಆಗುತ್ತಿದ್ದರೆ ಅಲ್ಲಿ ಗುಂಡಿ ಇದೆ ಅಂತ ಅರ್ಥ. ಗಂಗಮ್ಮನ ಮೇಲೆ ಹಾಕಬೇಡಿ. ಮಣ್ಣು ಎತ್ತಿದವರಿಂದ ಇಳಿಜಾರು ಮಾಡಿಸಿ. ಪಂಚಾಯಿತಿಗೆ ಬರೆದು ಕೊಟ್ಟು ಕೆಂಪು ಬಟ್ಟೆ ಕಟ್ಟಿದ ಗೂಟ ನೆಡಿಸಿ.

ಕೃಷಿ ಹೊಂಡ ಇದಕ್ಕಿಂತ ಕೆಟ್ಟದ್ದು. ಅರಸೀಕೆರೆ, ಕಡೂರು ಕಡೆಯ ಒಣ ಸೀಮೆಗೆ ಹೊಂಡ ವರವೇ, ಸರಿ. ಆದರೆ ನೀರು ಇಂಗದಿರಲಿ ಅಂತ ಹಾಸಿದ ಪ್ಲಾಸ್ಟಿಕ್ ಮೇಲೆ ಪಾಚಿ ಕಟ್ಟಿದರೆ ಈಜು ಬಲ್ಲ ಗಂಡಸೂ ಹತ್ತಿ ಬರಲಾರ. ಕಾಲಿಟ್ಟಷ್ಟೂ ಜಾರುತ್ತದೆ. ಬೇಲಿ ಹಾಕಿ. ಬೇಲಿಗೆ ದುಡ್ಡಿಲ್ಲ ಅನ್ನುವವರು ಈ ವಾರವೇ ಇಷ್ಟು ಮಾಡಿ: ಅಡಿಗೊಂದು ಗಂಟು ಹಾಕಿದ ದಪ್ಪ ಹಗ್ಗವನ್ನು ನಾಲ್ಕೂ ಬದಿಯಲ್ಲಿ ಗೂಟಕ್ಕೆ ಕಟ್ಟಿ ನೀರಿನ ತಳಕ್ಕೆ ಇಳಿಬಿಡಿ. ಮುಚ್ಚಳ ಬಿಗಿಮಾಡಿದ ಖಾಲಿ ಕ್ಯಾನ್ ಒಂದನ್ನು ಹಗ್ಗ ಕಟ್ಟಿ ದಡದಲ್ಲಿಡಿ. ಹೇಮಾವತಿ ನಾಲೆಯ ಕತೆಯೂ ಅಷ್ಟೇ. ಸಿಮೆಂಟಿನ ಇಳಿಜಾರು, ಕೆಳಗೆ ಸೆಳೆತ. ಬಟ್ಟೆ ಒಗೆಯಲು ಹೋಗುವವರು ಮೆಟ್ಟಿಲು ಇರುವಲ್ಲಿ ಮಾತ್ರ ಇಳಿಯಿರಿ, ಮಕ್ಕಳನ್ನು ಮನೆಯಲ್ಲಿ ಬಿಟ್ಟು ಹೋಗಿ.

ಇನ್ನೊಂದು ಮಾತು, ಯಾರೂ ಕೇಳದಿದ್ದರೂ. ಮುಳುಗುವವರು ಸಿನಿಮಾದ ಹಾಗೆ ಕೈ ಬೀಸಿ ಕೂಗಲ್ಲ. ಬಾಯಿ ನೀರಿನ ಮಟ್ಟದಲ್ಲಿ ಇರುತ್ತದೆ, ಕೂಗಲು ಉಸಿರೇ ಇರಲ್ಲ. ಒಂದು ನಿಮಿಷದೊಳಗೆ ಸದ್ದಿಲ್ಲದೆ ಮುಗಿಯುತ್ತದೆ. ಕಂಡ ಕೂಡಲೇ ನೀವು ಹಾರಬೇಡಿ. ಗಾಬರಿಯಲ್ಲಿ ಅವರು ನಿಮ್ಮ ಕುತ್ತಿಗೆಯನ್ನೇ ತಬ್ಬುತ್ತಾರೆ. ಒಬ್ಬನನ್ನು ಉಳಿಸಲು ಹೋಗಿ ಅಣ್ಣ, ಮಾವ, ಗೆಳೆಯ ಅಂತ ಸಾಲಾಗಿ ಹೋದ ಮನೆಗಳಿವೆ. ದಡದಲ್ಲಿ ಬೋರಲು ಮಲಗಿ ಕಾಯಿ ಕೀಳುವ ದೋಟಿ ಚಾಚಿ. ಸೀರೆ, ಪಂಚೆ, ಹಸು ಕಟ್ಟುವ ಹಗ್ಗ, ಖಾಲಿ ಕ್ಯಾನ್, ಏನಾದರೂ ಎಸೆಯಿರಿ.

ಪ್ರಶ್ನೆ: ಮಗನಿಗೆ ಜಲಗಂಡ ಇದೆ ಅಂತ ಜ್ಯೋತಿಷಿ ಹೇಳಿದ್ದಾರೆ. ಈಜು ಕಲಿಸುವುದು ಬೇಡ ಅಂತ ಮನೆಯಲ್ಲಿ ಹಟ.

ನೀರಿನಿಂದ ಗಂಡಾಂತರ ಇದ್ದರೆ ಈಜು ಕಲಿಸಲು ಅದಕ್ಕಿಂತ ಒಳ್ಳೆ ಕಾರಣ ಬೇಕಾ? ಶಾಂತಿ ಮಾಡಿಸುವ ದುಡ್ಡಿನಲ್ಲಿ ಈಜುಕೊಳಕ್ಕೆ ಸೇರಿಸಿ. ಹಳ್ಳಿಯಲ್ಲಾದರೆ ಹಿಂದೆ ಮಾಡುತ್ತಿದ್ದ ಹಾಗೆ ಸೊಂಟಕ್ಕೆ ಬೆಂಡು ಕಟ್ಟಿ, ಈಜು ಬಲ್ಲ ದೊಡ್ಡವರು ನೀರಿನಲ್ಲೇ ಪಕ್ಕದಲ್ಲಿ ನಿಂತು ಕಲಿಸಲಿ. ಮೂರ್ಛೆ ರೋಗ ಇರುವ ಮಕ್ಕಳ ಮಾತು ಬೇರೆ, ಅವರನ್ನು ನಿಮ್ಮ ವೈದ್ಯರನ್ನು ಕೇಳದೆ ನೀರಿಗೆ ಬಿಡಬೇಡಿ.

ಪ್ರಶ್ನೆ: ಸಮ್ಮರ್ ಕ್ಯಾಂಪ್ ಮಕ್ಕಳನ್ನು ಶೆಟ್ಟಿಹಳ್ಳಿ ಚರ್ಚ್ ನೋಡಲು ಕರೆದೊಯ್ಯುತ್ತಿದ್ದೇವೆ. ಹಿನ್ನೀರಿನಲ್ಲಿ ಸ್ವಲ್ಪ ಆಡಿಸಬಹುದೇ?

ಬೇಡ. ನೀರು ಇಳಿದ ಕಡೆ ಮೇಲೆ ಒಣಗಿದ ಹಾಗೆ ಕಾಣುವ ಮಣ್ಣಿನ ಕೆಳಗೆ ಕೆಸರು ಇರುತ್ತದೆ. ಹಳೆಯ ಹೊಳೆಯ ಪಾತ್ರ ಎಲ್ಲಿ ಆಳಕ್ಕೆ ಇಳಿಯುತ್ತದೆ ಅಂತ ದಡದಿಂದ ಗೊತ್ತಾಗಲ್ಲ. ಚರ್ಚ್ ತೋರಿಸಿ, ಊಟ ಮಾಡಿಸಿ, ವಾಪಸ್ ಕರೆದುಕೊಂಡು ಬನ್ನಿ. ನಾನು ಅತಿಯಾಗಿ ಹೆದರಿಸುತ್ತೇನೆ ಅಂತ ಅನ್ನಿಸಿದರೆ ಅನ್ನಿಸಲಿ.

ಪ್ರಶ್ನೆ: ಹಾಸನ ಬಡವರ ಊಟಿ ಅಲ್ವಾ, ನಮಗೂ ಸನ್‌ಸ್ಟ್ರೋಕ್ ಆಗುತ್ತಾ? ಬಿದ್ದವರ ಮೇಲೆ ತಣ್ಣೀರು ಸುರಿದರೆ ಲಕ್ವ ಹೊಡೆಯುತ್ತಂತೆ?

ಆಗುತ್ತದೆ. ಕಲ್ಲು ಒಡೆಯುವವರಿಗೆ, ತಾರು ಹಾಕುವವರಿಗೆ ಊಟಿಯೂ ಇಲ್ಲ, ಎಸಿಯೂ ಇಲ್ಲ. ಬಿಸಿಲಿನಲ್ಲಿ ಕೆಲಸ ಮಾಡುವವರು ತಲೆಬುಡ ಇಲ್ಲದ ಹಾಗೆ ಮಾತಾಡಲು ಶುರುಮಾಡಿದರೆ, ಮೈ ಕೆಂಡದ ಹಾಗೆ ಸುಡುತ್ತಿದ್ದರೆ, ಅದು ಸನ್‌ಸ್ಟ್ರೋಕ್ ಅಂತಲೇ ತಿಳಿಯಿರಿ. ಬೆವರುತ್ತಿದ್ದಾರಲ್ಲ ಅಂತ ಸುಮ್ಮನಾಗಬೇಡಿ. ನೆರಳಿಗೆ ತಂದು ಕೊಡಗಟ್ಟಲೆ ತಣ್ಣೀರು ಸುರಿಯಿರಿ, ಗಾಳಿ ಬೀಸಿ, 108ಕ್ಕೆ ಫೋನ್ ಮಾಡಿ. ಲಕ್ವ ಹೊಡೆಯಲ್ಲ. ಪ್ಯಾರಾಸಿಟಮಾಲ್ ಕೊಡಬೇಡಿ, ಇದು ಜ್ವರ ಅಲ್ಲ. ಎಚ್ಚರ ಇಲ್ಲದವರ ಬಾಯಿಗೆ ಎಳನೀರು ಹಾಕಬೇಡಿ. ಎಚ್ಚರ ಇದ್ದು ಸುಸ್ತಾದವರಿಗೆ ಓಆರ್‌ಎಸ್ ಸರಿ, ಆದರೆ ದೊಡ್ಡ ಪೊಟ್ಟಣಕ್ಕೆ ಪೂರಾ 1 ಲೀಟರ್ ನೀರು. ಲೋಟಕ್ಕೆ ಹಾಕಿ ಕದಡುವವರೇ ಜಾಸ್ತಿ. ಅಂಗಡಿಯ ಸಿಹಿ ಜ್ಯೂಸ್ ಓಆರ್‌ಎಸ್ ಅಲ್ಲ. ಅಂಥ ಡಬ್ಬಿಗಳ ಹೆಸರಿನಲ್ಲಿ ಓಆರ್‌ಎಸ್ ಅಂತ ಬರೆಯಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2025ರಲ್ಲಿ ಆದೇಶ ಮಾಡಿದೆ.

ಪ್ರಶ್ನೆ: ಮೊಬೈಲ್ ಕೈಯಲ್ಲಿದ್ದರೆ ಸಿಡಿಲು ಹೊಡೆಯುತ್ತಾ?

ಇಲ್ಲ. ಮೊಬೈಲ್ ಹಿಡಿದು ಮರದ ಕೆಳಗೆ ನಿಂತರೆ ಹೊಡೆಯುತ್ತದೆ, ಮರದಿಂದಾಗಿ. ಅದೇ ಮೊಬೈಲ್‌ಗೆ ದಾಮಿನಿ ಆ್ಯಪ್ ಹಾಕಿಕೊಳ್ಳಿ, ಸಿಡಿಲಿನ ಮುನ್ಸೂಚನೆ ಕೊಡುತ್ತದೆ. ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯಲ್ಲ. ಮುಟ್ಟಿ, ಉಸಿರಿಲ್ಲದಿದ್ದರೆ ಮೇಲೆ ಹೇಳಿದ್ದನ್ನೇ ಮಾಡಿ.

ಪ್ರಶ್ನೆ: ಕೊಪ್ಪದ ಕಡೆ ಮಂಗ ಸತ್ತಿದೆ. ಬೆಂಕಿ ಹಚ್ಚಬಹುದೇ?

ಮುಟ್ಟಬೇಡಿ. ಆರೋಗ್ಯ ಇಲಾಖೆಗೆ ಹೇಳಿ, ಅವರು ಬಂದು ಮಾಡುತ್ತಾರೆ. ಮಂಗನ ಕಾಯಿಲೆ ತರುವುದು ಉಣುಗು. ಸತ್ತ ಮಂಗನ ಸುತ್ತ ಅದು ಉದುರಿರುತ್ತದೆ. ಕಾಡಿಗೆ ತರಗು, ಸೌದೆಗೆ ಹೋಗುವವರು ಉಣುಗು ಹತ್ತದಂತೆ ಇಲಾಖೆ ಕೊಡುವ ಡೀಪಾ ತೈಲ ಹಚ್ಚಿಕೊಳ್ಳಿ.

ಪ್ರಶ್ನೆ: ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತದೆ. ಡ್ರಮ್‌ನಲ್ಲಿ ಹಿಡಿದಿಟ್ಟರೆ ಡೆಂಗಿ ಬರುತ್ತದೆ ಅಂತೀರಿ. ಮತ್ತೇನು ಮಾಡೋಣ?

ಹಿಡಿದಿಡಿ. ಬಟ್ಟೆ ಕಟ್ಟಿ ಮುಚ್ಚಿ. ವಾರಕ್ಕೊಮ್ಮೆ ಪೂರಾ ಖಾಲಿ ಮಾಡಿ ಒಳಗೋಡೆ ಉಜ್ಜಿ, ಸೊಳ್ಳೆ ಮೊಟ್ಟೆ ಅಂಟಿರುವುದು ಅಲ್ಲೇ.

ಪ್ರಶ್ನೆ: ರಾಮನವಮಿಗೆ ನಮ್ಮ ಬೀದಿಯವರು ಪಾನಕ, ಮಜ್ಜಿಗೆ ಹಂಚುತ್ತೇವೆ. ಹೋದ ಸಲ ಕೆಲವರಿಗೆ ಭೇದಿಯಾಯಿತು. ಬೆಲ್ಲ ಕೆಟ್ಟಿತ್ತೇ?

ಬೆಲ್ಲ ಪಾಪ ಏನು ಮಾಡೀತು. ಐಸ್ ಎಲ್ಲಿಂದ ತಂದಿರಿ? ಗೋಣಿಚೀಲದಲ್ಲಿ ಸುತ್ತಿ ತರುವ ಬಾರ್ ಐಸ್ ವಸ್ತುಗಳನ್ನು ತಂಪಾಗಿಡಲು ಇರುವುದು, ಕುಡಿಯಲು ಅಲ್ಲ. ನೀರನ್ನು ಹಿಂದಿನ ರಾತ್ರಿ ಕುದಿಸಿ, ಆರಿಸಿ, ಮಡಕೆಯಲ್ಲಿ ತುಂಬಿ. ಲೋಟ ಅದ್ದಿ ತೆಗೆಯಬೇಡಿ, ನಲ್ಲಿ ಇರುವ ಡ್ರಮ್ ಇಡಿ. ಮಧ್ಯಾಹ್ನ ಉಳಿದ ಮಜ್ಜಿಗೆಯನ್ನು ಸಂಜೆ ಭಜನೆಯವರಿಗೆ ಕೊಡಬೇಡಿ, ಚೆಲ್ಲಿ.