ಊರಿಗೆ ದುಡ್ಡು ಕೊಡುವ ಮುಂಚೆ, ಬೀಗದ ಕೈ ಯಾರ ಹತ್ತಿರ ಇರುತ್ತದೆ ಅಂತ ಕೇಳಿ

ಹತ್ತು ಜನ ಗೆಳೆಯರು, ವರ್ಷಕ್ಕೆ ತಲಾ 40 ಸಾವಿರ, ಮೂರು ವರ್ಷ. ನಿಮ್ಮ ಕಡೆಯ ಹಳ್ಳಿಗಳಿಗೆ ಏನಾದರೂ ಮಾಡಬೇಕು, ದುಡ್ಡು ಪೋಲಾಗಬಾರದು, ಹೇಗೆ ಕೊಡೋದು ಅಂತ ಕೇಳಿದ್ದೀರಿ. ಇಬ್ಬರು ಹೊರದೇಶದಲ್ಲಿದ್ದಾರೆ ಅಂತಲೂ ಬರೆದಿದ್ದೀರಿ. ನಾನು ಹದಿನೈದು ವರ್ಷ ಕೊಪ್ಪಳ, ರಾಯಚೂರು ಕಡೆ ಸ್ವಯಂಸೇವಾ ಸಂಸ್ಥೆಗಳಲ್ಲಿ ಕೆಲಸ ಮಾಡಿದವನು. ಕೊಡುವವರ ಸಾಲಿನಲ್ಲಿ ಎಂದೂ ಕೂತಿಲ್ಲ, ಕೇಳಿ ತರುವವರ ಸಾಲಿನಲ್ಲೇ ಇದ್ದೆ. ಹಾಗಾಗಿ ಸ್ವಲ್ಪ ಪಕ್ಷಪಾತ ಇರುತ್ತದೆ, ಸಹಿಸಿಕೊಳ್ಳಿ.

ಮೊದಲು ನಾನೇ ಕೆಡಿಸಿದ ಒಂದು ಕೆಲಸದ ಕಥೆ.

ಒಂದು ಊರಿನಲ್ಲಿ ಬೋರ್‌ವೆಲ್ ನೀರಿಗೆ ಫ್ಲೋರೈಡ್ ಕಾಟ. ಒಂದು ಕಂಪನಿ ಶುದ್ಧ ಕುಡಿಯುವ ನೀರಿನ ಘಟಕಕ್ಕೆ ದುಡ್ಡು ಕೊಟ್ಟಿತು. ಮಾರ್ಚ್ 31ರೊಳಗೆ ಕೆಲಸ ಮುಗಿಯಬೇಕು ಅನ್ನುವ ಷರತ್ತು. ಶಾಮಿಯಾನ ಹಾಕಿದೆವು, ರಿಬ್ಬನ್ ಕತ್ತರಿಸಿದರು, ಹಾರ ತುರಾಯಿ ಎಲ್ಲ ಆಯಿತು. ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ನೀರು. ವರದಿ ಬರೆದವನು ನಾನೇ. ‘1,800 ಫಲಾನುಭವಿಗಳು’ ಅಂತ ಬರೆದೆ. ಆ ಸಂಖ್ಯೆ ಎಲ್ಲಿಂದ ಬಂತು ಅಂದರೆ, ಊರಿನ ಜನಸಂಖ್ಯೆ ಅಷ್ಟಿತ್ತು!

ಒಂದೂಕಾಲು ವರ್ಷ ಘಟಕ ನಡೆಯಿತು. ಆಮೇಲೆ ಒಳಗೆ ನೀರು ಸೋಸುವ ಪೊರೆ, ಅಂದರೆ ಮೆಂಬ್ರೇನ್, ಕಟ್ಟಿಕೊಂಡಿತು. ಕಂಪನಿಯವರ ಪ್ರಾಜೆಕ್ಟ್ ಮುಗಿದಿತ್ತು. ಪಂಚಾಯಿತಿಗೆ ಹೋದರೆ, ‘ಇದು ನಮ್ಮ ಆಸ್ತಿ ರಿಜಿಸ್ಟರಿನಲ್ಲೇ ಇಲ್ಲವಲ್ಲ’ ಅಂದರು. ಘಟಕ ಕೂರಿಸಿದ ಕಂಟ್ರಾಕ್ಟರ್ ಫೋನ್ ಎತ್ತಲಿಲ್ಲ. ಬೀಗದ ಕೈ ಅವನ ಹುಡುಗನ ಹತ್ತಿರ ಇತ್ತು. ಆ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋಗಿದ್ದ. ಎರಡು ವರ್ಷ ಅದು ಆಡು ಕಟ್ಟುವ ನೆರಳಾಗಿತ್ತು.

ನಾವು ದುಡ್ಡು ತಿನ್ನಲಿಲ್ಲ. ಲೆಕ್ಕ ಪೈಸೆ ಪೈಸೆಗೂ ಸರಿ ಇತ್ತು, ಆಡಿಟ್ ಆಯಿತು. ನೀವು ಕಳ್ಳತನಕ್ಕೆ ಹೆದರುತ್ತಿದ್ದೀರಿ ಅನ್ನಿಸುತ್ತದೆ, ಅದಕ್ಕೇ ಇದನ್ನು ಹೇಳುತ್ತಿದ್ದೇನೆ. ನಾನು ಕಂಡ ಹಾಗೆ ಪೋಲಾಗುವ ದುಡ್ಡಿನಲ್ಲಿ ಜಾಸ್ತಿ ಪಾಲು ಹೀಗೆ ಪ್ರಾಮಾಣಿಕವಾಗಿಯೇ ಪೋಲಾಗುತ್ತದೆ. ಕಟ್ಟುವುದಕ್ಕೆ ದುಡ್ಡು ಇರುತ್ತದೆ, ನಡೆಸುವುದಕ್ಕೆ ಇರುವುದಿಲ್ಲ.

ಇದು ನಮ್ಮ ಹಿರಿಯರಿಗೆ ಗೊತ್ತಿತ್ತು. ಹಳೆಯ ಶಾಸನಗಳನ್ನು ನೋಡಿ, ಕೆರೆ ಕಟ್ಟಿಸಿದರು ಅನ್ನುವಲ್ಲಿಗೆ ಮಾತು ಮುಗಿಯುವುದಿಲ್ಲ. ಕೆರೆ ಕಟ್ಟಿ ಕಾಪಾಡುವವರಿಗೆ ಬಿಟ್ಟ ಜಮೀನು ‘ಕಟ್ಟುಕೊಡಗೆ’, ಕೆರೆಯ ಖರ್ಚಿಗೆ ಅಂತ ಬಿಟ್ಟ ಪಾಲು ‘ಬಿತ್ತುವಟ್ಟ’. ತೂಬು ಎತ್ತಿ ಇಳಿಸುವ ನೀರುಗಂಟಿಗೆ ರೈತರು ಸುಗ್ಗಿಯಲ್ಲಿ ಕಾಳು ಅಳೆದು ಕೊಡುತ್ತಿದ್ದರು. ದಾನ ಕೊಡುವಾಗಲೇ ಸಂಬಳದ ವ್ಯವಸ್ಥೆಯೂ ಆಗಿರುತ್ತಿತ್ತು. ನಾವು ಈಗ ಗೋಡೆ ಕಟ್ಟಿಸಿ ಅದರ ಮೇಲೆ ಹೆಸರು ಬರೆಸುತ್ತೇವೆ, ಅಷ್ಟೇ.

ಈಗ ಒಳ್ಳೆಯ ಉದಾಹರಣೆ. ನಿಮ್ಮಮ್ಮನೋ ಚಿಕ್ಕಮ್ಮನೋ ಯಾವುದಾದರೂ ಸ್ವಸಹಾಯ ಸಂಘದಲ್ಲಿ ಇರಬಹುದು, ಅಲ್ವಾ? ಅದರ ಬೇರು ಹುಡುಕಿದರೆ ಕರ್ನಾಟಕದ ಮೈರಾಡ ಸಂಸ್ಥೆ ಸಿಗುತ್ತದೆ. 1968ರಲ್ಲಿ ಟಿಬೆಟಿನ ನಿರಾಶ್ರಿತರಿಗೆ ನೆಲೆ ಕಲ್ಪಿಸಲು ಶುರುವಾದದ್ದು, ಆಮೇಲೆ ಹಳ್ಳಿಗಳ ಕೆಲಸಕ್ಕೆ ಇಳಿಯಿತು. ಅವರು ಕಟ್ಟಿಸಿದ್ದ ದೊಡ್ಡ ಸಹಕಾರ ಸಂಘಗಳಲ್ಲಿ ಕೆಲವು 1984-85ರ ಹೊತ್ತಿಗೆ ಕುಸಿದವು. ಮುಖಂಡರ ಮೇಲೆ ಸದಸ್ಯರಿಗೆ ನಂಬಿಕೆ ಹೋಗಿತ್ತು. ಆದರೂ ಜನ ಸಣ್ಣ ಸಣ್ಣ ಗುಂಪಾಗಿ ಬಂದು, ‘ಸಾಲ ತೀರಿಸುತ್ತೇವೆ, ಆದರೆ ಆ ಸಂಘಕ್ಕೆ ಕೊಡುವುದಿಲ್ಲ, ನಿಮಗೆ ಕೊಡುತ್ತೇವೆ’ ಅಂದರು. ಮೈರಾಡದವರು ಆ ದುಡ್ಡು ತಗೊಳ್ಳಲಿಲ್ಲ. ನಿಮ್ಮ ಗುಂಪಿನಲ್ಲೇ ಇಟ್ಟುಕೊಂಡು ನೀವೇ ನಡೆಸಿ ಅಂದರು. ಒಬ್ಬರನ್ನೊಬ್ಬರು ನಂಬುವ ಹದಿನೈದು ಇಪ್ಪತ್ತು ಜನ, ವಾರಕ್ಕೊಂದು ಸಭೆ, ತಮ್ಮದೇ ಉಳಿತಾಯ, ತಮ್ಮದೇ ನಿಯಮ.

ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಇದರ ಮುಂದಿನ ಭಾಗದಲ್ಲಿ. 1987ರಲ್ಲಿ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ ಮೈರಾಡಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. ಆ ದುಡ್ಡಿನಲ್ಲಿ ಏನನ್ನೂ ಕಟ್ಟಲಿಲ್ಲ. ಗುಂಪುಗಳು ಉಳಿಸಿದ್ದಕ್ಕೆ ಸರಿಯಾಗಿ ಅಷ್ಟು ಸೇರಿಸಿ ಕೊಡುವುದು, ಲೆಕ್ಕ ಬರೆಯುವುದು ಮತ್ತು ಸಭೆ ನಡೆಸುವುದನ್ನು ಕಲಿಸುವುದು, ಇದಕ್ಕೆ ಖರ್ಚಾಯಿತು. ಫೋಟೋ ತೆಗೆದರೆ ಚಾಪೆ ಮೇಲೆ ಕೂತ ಹೆಂಗಸರು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಐದು ವರ್ಷಕ್ಕೆ, 1992ರಲ್ಲಿ, ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗವನ್ನು ದೇಶದ ಮಟ್ಟದಲ್ಲಿ ಶುರು ಮಾಡಿತು. ಇವತ್ತು ಬ್ಯಾಂಕ್ ಖಾತೆ ಇರುವ ಇಂಥ ಗುಂಪುಗಳು ದೇಶದಲ್ಲಿ ಒಂದು ಕೋಟಿಗೂ ಜಾಸ್ತಿ. ಈಗ ಕೆಲವು ಕಡೆ ಸಂಘ ಅಂದರೆ ಬರೀ ಸಾಲ ವಸೂಲಿ ಆಗಿಬಿಟ್ಟಿದೆ, ಅದು ಬೇರೆ ಜಗಳ.

ನಮ್ಮ ನೀರಿನ ಘಟಕವನ್ನು ಎತ್ತಿದ್ದೂ ಇಂಥದ್ದೇ ಒಂದು ಸಂಘ. ಮೆಂಬ್ರೇನ್, ಪಂಪು, ಮತ್ತು ಒಂದೂವರೆ ವರ್ಷ ವಾರಕ್ಕೊಮ್ಮೆ ಹೋಗಿ ಬರುವ ನಮ್ಮ ಕಾರ್ಯಕರ್ತೆಯ ಸಂಬಳ, ಇಷ್ಟನ್ನು ಒಬ್ಬರು ಕೊಟ್ಟರು. ಗ್ರಾಮಸಭೆಯಲ್ಲಿ ಠರಾವು ಮಾಡಿಸಿ ಘಟಕವನ್ನು ಪಂಚಾಯಿತಿ ರಿಜಿಸ್ಟರಿಗೆ ಸೇರಿಸಿದೆವು. ನಡೆಸುವ ಜವಾಬ್ದಾರಿ ಸಂಘದ್ದು. ದಿನಕ್ಕೆ ನೂರಿಪ್ಪತ್ತು ಕ್ಯಾನ್ ಹೋದರೆ ತಿಂಗಳಿಗೆ 18 ಸಾವಿರ. ಕರೆಂಟ್ ಬಿಲ್ಲು, ನೋಡಿಕೊಳ್ಳುವವರ ಸಂಬಳ ಕಳೆದು ಉಳಿದದ್ದು ಮುಂದಿನ ಮೆಂಬ್ರೇನಿಗೆ ಅಂತ ಬ್ಯಾಂಕಿಗೆ. ಬೀಗದ ಕೈ ಲೆಕ್ಕ ಬರೆಯುವ ಅಕ್ಕನ ಸೆರಗಿನ ಗಂಟಿನಲ್ಲಿ. ದುಡ್ಡು ಕೊಟ್ಟವರು ಬೋರ್ಡು ಬೇಡ ಅಂದಿದ್ದರು. ಹಾಗಾಗಿ ಹಳೇ ಕಂಪನಿಯ ಬೋರ್ಡೇ ಇನ್ನೂ ನೇತಾಡುತ್ತಿದೆ.

ಆದ್ದರಿಂದ ನಿಮ್ಮ ದುಡ್ಡನ್ನು ಮನುಷ್ಯರ ಮೇಲೆ ಹಾಕಿ. ಸಂಬಳ, ಬಸ್ ಚಾರ್ಜು, ಆಫೀಸ್ ಬಾಡಿಗೆ ಅಂದರೆ ಕೊಡುವವರು ಮೂಗು ಮುರಿಯುತ್ತಾರೆ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ದುಡ್ಡು ಅಂತ ಇದೆಯಲ್ಲ, 2013ರ ಕಂಪನಿ ಕಾಯ್ದೆಯ 135ನೇ ಕಲಂ, ಮೂರು ವರ್ಷದ ಸರಾಸರಿ ಲಾಭದಲ್ಲಿ 2% ಖರ್ಚು ಮಾಡಬೇಕು ಅನ್ನುವುದು. ಅದರ ನಿಯಮದಲ್ಲಿ ಆಡಳಿತ ಖರ್ಚಿಗೆ 5% ಮಿತಿ ಇದೆ. ಅದು ಕಂಪನಿಯ ಸ್ವಂತ ಆಡಳಿತ ಖರ್ಚಿಗೆ ಇರುವ ಮಿತಿ. ಅದನ್ನೇ ತಂದು ಹಳ್ಳಿಯಲ್ಲಿ ಕೆಲಸ ಮಾಡುವ ಸಂಸ್ಥೆಯ ಕುತ್ತಿಗೆಗೆ ಕಟ್ಟುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನೀವು ಕಂಪನಿ ಅಲ್ಲ, ಆ ರೋಗ ಅಂಟಿಸಿಕೊಳ್ಳಬೇಡಿ.

ಇನ್ನೊಂದು, ಕ್ಯಾಲೆಂಡರ್. ಮಾರ್ಚ್‌ಗೆ ಲೆಕ್ಕ ಮುಗಿಯಬೇಕು ಅಂತ ಜನವರಿಯಲ್ಲಿ ಕೆಲಸ ಶುರು ಮಾಡಿದರೆ, ನಮ್ಮ ಕಡೆ ಅರ್ಧ ಊರು ಗುಳೆ ಹೋಗಿರುತ್ತದೆ. ಮನೆಯಲ್ಲಿ ಮುದುಕರು ಮಾತ್ರ. ಯಾರನ್ನು ಕೇಳಿ ಕೆಲಸ ಮಾಡುತ್ತೀರಿ?

ಕೇಳುವುದರಲ್ಲೂ ಒಂದು ಪೇಚಿದೆ. ಸಭೆಯನ್ನು ದೇವಸ್ಥಾನದ ಕಟ್ಟೆ ಮೇಲೆ ಕರೆದರೆ ದಲಿತ ಕೇರಿಯ ಹೆಂಗಸರು ಬರುವುದಿಲ್ಲ. ಬಂದರೂ ದೂರ ನಿಂತು ಹೋಗುತ್ತಾರೆ. ಆಮೇಲೆ ‘ಊರವರೆಲ್ಲ ಒಪ್ಪಿದರು’ ಅಂತ ನಡಾವಳಿಯಲ್ಲಿ ಬರೆಯುತ್ತಾರೆ, ನಲ್ಲಿ ಗೌಡರ ಮನೆ ಮುಂದೆ ಬರುತ್ತದೆ. ಒಂದು ಸಭೆ ಕೇರಿಯಲ್ಲೇ ಆಗಲಿ, ಸಂಜೆ ಹೊಲದಿಂದ ಬಂದ ಮೇಲೆ. ಊರಿನ ವಂತಿಗೆ ಇರಲಿ, ಇರಲೇಬೇಕು. ಆದರೆ ಕೂಲಿಯವರಿಗೂ ಹತ್ತೆಕರೆಯವರಿಗೂ ಒಂದೇ ವಂತಿಗೆ ಅಂದರೆ ಅದು ನ್ಯಾಯ ಅಲ್ಲ.

ಹೊರದೇಶದ ಇಬ್ಬರ ವಿಷಯ. ಭಾರತದ ಪಾಸ್‌ಪೋರ್ಟ್ ಇನ್ನೂ ಇದ್ದರೆ, ಸ್ವಂತ ಸಂಪಾದನೆಯನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅಲ್ಲಿನ ಪೌರತ್ವ ತಗೊಂಡಿದ್ದರೆ, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಆಗುತ್ತದೆ. ಆಗ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇರುವ ಸಂಸ್ಥೆಗೇ ಕೊಡಬೇಕು. 2020ರ ತಿದ್ದುಪಡಿ ಆದ ಮೇಲೆ ಆ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಸುಮ್ನೆ ಒಬ್ಬರ ಹೆಸರಿಗೆ ಎಲ್ಲರೂ ಕಳಿಸಿ ಆಮೇಲೆ ನೋಡೋಣ ಅಂತ ಮಾಡಬೇಡಿ.

ನಾನಾಗಿದ್ದರೆ ವರ್ಷದ ನಾಲ್ಕು ಲಕ್ಷವನ್ನು ಹೀಗೆ ಹಾಕುತ್ತಿದ್ದೆ. ನಿಮ್ಮ ತಾಲೂಕಿನಲ್ಲಿ ಈಗಾಗಲೇ ಐದಾರು ವರ್ಷದಿಂದ ಇರುವ ಒಂದು ಸಣ್ಣ ಸಂಸ್ಥೆ ಹುಡುಕಿ, ಆ ಕಡೆಯ ಊರಿನವಳೇ ಆದ ಒಬ್ಬ ಕಾರ್ಯಕರ್ತೆಗೆ ತಿಂಗಳಿಗೆ 18 ಸಾವಿರ, ವರ್ಷಕ್ಕೆ 2 ಲಕ್ಷ 16 ಸಾವಿರ. ಓಡಾಟ, ಫೋನು, ಸಂಸ್ಥೆಯ ಖರ್ಚಿಗೆ 64 ಸಾವಿರ. ಉಳಿದ 1 ಲಕ್ಷ 20 ಸಾವಿರವನ್ನು ಮೊದಲ ಆರು ತಿಂಗಳು ಮುಟ್ಟುವುದೇ ಇಲ್ಲ. ನಾಲ್ಕೈದು ಊರಿನ ಸಂಘಗಳು, ಶಾಲೆಯ ಮೇಲುಸ್ತುವಾರಿ ಸಮಿತಿ ಅಂದರೆ ಎಸ್‌ಡಿಎಂಸಿಯವರು ಕೂತು ಏನು ಬೇಕು ಅಂತ ಹೇಳುವವರೆಗೆ ಅದು ಬ್ಯಾಂಕಿನಲ್ಲೇ ಇರಲಿ. ತಿಂಗಳಿಗೊಂದು ವರದಿ ಕೇಳಬೇಡಿ. ಮೂರು ತಿಂಗಳಿಗೊಮ್ಮೆ ಅರ್ಧ ಗಂಟೆ ಫೋನ್ ಮಾಡಿ, ಏನು ಕೆಟ್ಟಿತು ಅಂತ ಕೇಳಿ. ಕೆಟ್ಟದ್ದನ್ನು ಹೇಳಿದರೆ ದುಡ್ಡು ನಿಲ್ಲುವುದಿಲ್ಲ ಅಂತ ಗೊತ್ತಾದರೆ ನನ್ನ ಥರ 1,800 ಅಂತ ಬರೆಯುವುದಿಲ್ಲ. ಸಾಧ್ಯವಾದರೆ ಮೂರು ವರ್ಷವನ್ನು ಐದು ಮಾಡಿ.

ನಿಮ್ಮ ತಾಲೂಕು ಯಾವುದು ಅಂತ ಬರೆದಿಲ್ಲ. ನಮ್ಮ ಕಡೆಯದೇ ಆದರೆ, ಊರು ನೋಡಲು ಈಗಲೇ ಹೊರಡಬೇಡಿ. ಮುಂಗಾರು ಬಿದ್ದ ಮೇಲೆ ಹೋಗಿ, ಗುಳೆ ಹೋದವರು ಬಿತ್ತನೆಗೆ ವಾಪಸ್ ಬಂದಿರುತ್ತಾರೆ.