ಸತ್ತ ಮೇಲೆ ಏನು ಅನ್ನೋದಕ್ಕೆ ಖಾತ್ರಿ ಬೇಕು ಅಂತ ಬಂದವರು

(ಗುರುತು ಸಿಗದ ಹಾಗೆ ವಿವರಗಳನ್ನ ಬದಲಾಯಿಸಿದೀನಿ.)

ವಯಸ್ಸು ಮೂವತ್ತರ ಆಸುಪಾಸು, ಅಕೌಂಟ್ಸ್ ಕೆಲಸ. ನನ್ನ ಹತ್ರ ಕೌನ್ಸೆಲಿಂಗ್‌ಗೆ ಬಂದಿದ್ದು ನಿದ್ದೆ ಬರಲ್ಲ ಅಂತ, ಆದ್ರೆ ಸ್ವಲ್ಪ ಹೊತ್ತಲ್ಲೇ ಅಸಲಿ ವಿಷಯ ಹೊರಗೆ ಬಂತು. ಜೊತೆಗೆ ಓದಿದ ಫ್ರೆಂಡ್ ಒಬ್ಬಳು ರಾತ್ರಿ ಮಲಗಿದವಳು ಬೆಳಿಗ್ಗೆ ಏಳಲೇ ಇಲ್ಲ, ಅವತ್ತಿಂದ ಇವರಿಗೆ ದಿಂಬಿಗೆ ತಲೆ ಕೊಟ್ಟ ತಕ್ಷಣ ಒಂದೇ ಪ್ರಶ್ನೆ, ಸತ್ತ ಮೇಲೆ ನಾನು ಅನ್ನೋದು ಇರುತ್ತಾ ಇಲ್ವಾ. ಜೊಂಪು ಹತ್ತೋ ಹೊತ್ತಿಗೆ ಮೈ ಒಂದ್ಸಲ ಎಗರುತ್ತೆ, ಎತ್ತರದಿಂದ ಬಿದ್ದಂಗೆ, ಅದನ್ನ ಜೀವ ಹೋಗೋ ಸೂಚನೆ ಅನ್ಕೊಂಡು ಎದ್ದು ಕೂತು ನಾಡಿ ನೋಡ್ಕೊಳ್ಳೋದು, ಎದೆ ಡವಡವ ಅನ್ನೋದು, ಗಂಡನ್ನ ಎಬ್ಬಿಸಿ "ರೀ, ಏನೂ ಆಗಲ್ಲ ಅಲ್ವಾ" ಅಂತ ಕೇಳೋದು. "ಆಗಲ್ಲ, ಮಲ್ಕೋ" ಅಂದ್ರೆ ಸ್ವಲ್ಪ ಹೊತ್ತು ಸಮಾಧಾನ, ಆಮೇಲೆ ಮತ್ತೆ ಅದೇ.

ಬ್ಯಾಗಿಂದ ಒಂದು ನೋಟ್‌ಬುಕ್ ತೆಗೆದ್ರು. ಲೆಡ್ಜರ್ ತರ ಗೆರೆ ಎಳೆದು ಪುನರ್ಜನ್ಮ, ಸ್ವರ್ಗ-ನರಕ, ಮೋಕ್ಷ, ಏನೂ ಇಲ್ಲ ಅಂತ ನಾಲ್ಕು ಕಾಲಂ, ಸತ್ತು ಬದುಕಿದೋರ ಅನುಭವ ಅನ್ನೋ ವಿಡಿಯೋ ನೋಡ್ದಾಗೆಲ್ಲ ಯಾವ್ದೋ ಒಂದಕ್ಕೆ ಟಿಕ್, ಕೆಲವು ಟಿಕ್ ಮೇಲೆ ವೈಟ್ನರ್ ಬೇರೆ. "ಎಷ್ಟ್ ಓದಿದ್ರೂ ಟ್ಯಾಲಿ ಆಗ್ತಿಲ್ಲ ಮೇಡಂ, ನೀವೇನ್ ನಂಬ್ತೀರ?" ಅಂದ್ರು. ನಾನು ಹೇಳಲಿಲ್ಲ. ಹೇಳಿದ್ರೆ ಅದೂ ಒಂದು ಟಿಕ್ ಆಗ್ತಿತ್ತು ಅಷ್ಟೇ.

ಸಾವಿನ ಭಯ ಕಾಯಿಲೆ ಅಲ್ಲ, ಎಲ್ರಿಗೂ ಒಂದಲ್ಲ ಒಂದ್ಸಲ ಬರೋದೇ. ಇವರನ್ನ ಹಣ್ಣು ಮಾಡಿದ್ದು ನೂರಕ್ಕೆ ನೂರು ಖಾತ್ರಿ ಬೇಕು ಅನ್ನೋ ಹಠ. ನಾವಿದ್ದಾಗ ಸಾವಿಲ್ಲ, ಸಾವು ಬಂದಾಗ ನಾವಿಲ್ಲ ಅಂತ ಹಳೇ ಗ್ರೀಸ್‌ನ ತತ್ವಜ್ಞಾನಿ ಎಪಿಕ್ಯೂರಸ್ ಹೇಳಿದ್ದನ್ನೂ ಬರ್ಕೊಂಡಿದ್ರು, ಹಗಲಲ್ಲಿ ಸರಿ ಅನ್ಸುತ್ತಂತೆ, ರಾತ್ರಿ ಕೆಲಸಕ್ಕೆ ಬರಲ್ವಂತೆ. ಬರೋದೂ ಇಲ್ಲ, ಗಾಬರಿ ಹತ್ತಿದ ಮೈಗೆ ತರ್ಕ ಕೇಳ್ಸಲ್ಲ.

ಮೊದಲು ಮೈ ಎಗರೋದರ ಬಗ್ಗೆ ಹೇಳ್ದೆ. ನಿದ್ದೆಗೆ ಜಾರುವಾಗ ಸ್ನಾಯು ತಾನಾಗೇ ಹಾಗೆ ಸೆಟೆಯುತ್ತೆ, ತುಂಬ ಜನಕ್ಕೆ ಆಗುತ್ತೆ, ನಿದ್ದೆಗೆಟ್ರೆ, ಟೆನ್ಶನ್ ಇದ್ರೆ, ಕೆಫೀನ್ ಹೆಚ್ಚಾದ್ರೆ ಇನ್ನೂ ಜಾಸ್ತಿ. ಪ್ಯಾನಿಕ್, ಅಂದ್ರೆ ಇದ್ದಕ್ಕಿದ್ದಂಗೆ ಹತ್ತೋ ಗಾಬರಿ, ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯುತ್ತೆ, ಓಡಿಸೋಕೆ ಹೋಗ್ದೆ ಉಸಿರು ನಿಧಾನಕ್ಕೆ ಹೊರಗೆ ಬಿಡ್ತಾ ಕೂತ್ಕೊಳ್ಳಿ, ನಾಡಿ ಮುಟ್ಟಬೇಡಿ ಅಂದೆ. ಇಸಿಜಿ, ಥೈರಾಯ್ಡ್ ಡಾಕ್ಟರ್ ಹತ್ರ ಒಂದ್ಸಲ ನೋಡಿಸ್ಕೊಳ್ಳಿ, ಧೈರ್ಯಕ್ಕೋಸ್ಕರ ಪದೇ ಪದೇ ಬೇಡ. ವಿಡಿಯೋ ಪೂರ್ತಿ ಬಂದ್. ಪ್ರಶ್ನೆ ಬಂದ್ರೆ "ಗೊತ್ತಿಲ್ಲ, ಗೊತ್ತಾಗದೇನೂ ಇರಬಹುದು" ಅಂತ ಹೇಳ್ಕೊಂಡು ಮಾಡ್ತಿದ್ದ ಕೆಲಸ ಮುಂದುವರಿಸೋದು, ತಡೆಯೋಕಾಗ್ಲಿಲ್ಲ ಅಂದ್ರೆ ಸಂಜೆ ಇಪ್ಪತ್ತು ನಿಮಿಷ ಅದಕ್ಕೇ ಅಂತ ಎತ್ತಿಡೋದು.

ಗಂಡನಿಗೆ ಕಷ್ಟ ಆಗಿದ್ದು ಸಮಾಧಾನ ಹೇಳದೇ ಇರೋದು. "ಉತ್ತರ ನನ್ನ ಹತ್ರ ಇಲ್ಲ, ಜೊತೆಗೆ ಕೂತಿರ್ತೀನಿ" ಅನ್ನಿ ಅಂದ್ರೆ ಅವರಿಗೇ ಕಣ್ಣು ತುಂಬ್ತು. ಮೊದಮೊದಲು ಹೆಂಡತಿಯ ಭಯ ಏರಿತು, ಹಾಗಾಗುತ್ತೆ ಅಂತ ಮುಂಚೇನೇ ಹೇಳಿದ್ದೆ.

ಫ್ರೆಂಡ್ ಬಗ್ಗೆ ಮಾತಾಡಿದ್ದು ಮಾತ್ರ ತುಂಬ ತಡವಾಗಿ. ಕಾಲಂ ತುಂಬೋ ಗಡಿಬಿಡೀಲಿ ಅವಳಿಗೋಸ್ಕರ ಅತ್ತೇ ಇರಲಿಲ್ಲ. ಆ ಸೆಷನ್ನಲ್ಲಿ ನಾನು ಹೆಚ್ಚೇನೂ ಮಾತಾಡ್ಲಿಲ್ಲ.

ಈಗ ಪ್ರಶ್ನೆ ಬರುತ್ತೆ, ಗಂಡನ್ನ ಎಬ್ಬಿಸೋದು ನಿಂತಿದೆ. ಇದೇ ತರ ಭಯ ಇರೋರಿಗೆ ಊಟ-ಕೆಲಸ ಎಲ್ಲಾ ನಿಂತು ಹೋಗಿದ್ರೆ, ಇಲ್ಲಾ ಸತ್ತೇ ನೋಡ್ಬಿಡೋಣ ಅನ್ನೋ ಯೋಚನೆ ಬಂದ್ರೆ ಕಾಯಬೇಡಿ, ಅವತ್ತೇ ಮನೆಯವರಿಗೆ ಹೇಳಿ ಸೈಕಿಯಾಟ್ರಿಸ್ಟ್ ಹತ್ರ ಹೋಗಿ.