ಅನುಭವಿಗಳಿಗೆ ಕಡಿಮೆ ಖರ್ಚಿನ ಎಂಬಿಎ: ಮೊದಲು ಡಿಗ್ರಿಯೋ ಸರ್ಟಿಫಿಕೇಟೋ ನೋಡಿ

ಹನ್ನೆರಡು ವರ್ಷ ಕೆಲಸ ಮಾಡಿದವರಿಗೆ, ಕೆಲಸ ಬಿಡದೆ ಮಾಡಬಹುದಾದ ಅಗ್ಗದ ಎಂಬಿಎ ಯಾವುದು ಎಂದು ಕೇಳಿದ್ದೀರಿ. ನೀವು ಕಳಿಸಿದ ಕೋರ್ಸ್‌ಗಳ ಪಟ್ಟಿಯಲ್ಲಿ ಡಿಗ್ರಿ, ಸರ್ಟಿಫಿಕೇಟ್ ಎರಡೂ ಬೆರೆತಿವೆ. ಗೊಂದಲ ಅಲ್ಲಿಂದಲೇ ಬಂದಿರಬೇಕು. ‘ಎಕ್ಸಿಕ್ಯೂಟಿವ್ ಪ್ರೋಗ್ರಾಂ’ ಎಂದು ಲಕ್ಷಗಟ್ಟಲೆ ಕೇಳುವ ಎಷ್ಟೋ ಕೋರ್ಸ್‌ಗಳ ಕೊನೆಗೆ ಸಿಗುವುದು ಬರೀ ಸರ್ಟಿಫಿಕೇಟ್.

ಮೊದಲು ನಿಮ್ಮ ಎಚ್‌ಆರ್‌ಗೆ ಮೇಲ್ ಹಾಕಿ. ಬಡ್ತಿಗೆ ಡಿಗ್ರಿಯೇ ಬೇಕಾ, ದೂರಶಿಕ್ಷಣದ್ದು ನಡೆಯುತ್ತಾ, ಫೀಸ್ ವಾಪಸ್ ಕೊಡ್ತಾರಾ ಎಂದು ಕೇಳಿ. ಮಾನ್ಯತೆ ಇರುವ ದೂರಶಿಕ್ಷಣದ ಡಿಗ್ರಿ ರೆಗ್ಯುಲರ್ ಡಿಗ್ರಿಗೆ ಸಮ ಎಂದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರಲ್ಲೇ ಹೇಳಿದೆ. ಆದರೂ ಖಾಸಗಿ ಕಂಪನಿಗಳ ಲೆಕ್ಕವೇ ಬೇರೆ, ಅದಕ್ಕೇ ಉತ್ತರ ಬರಹದಲ್ಲಿರಲಿ.

ಡಿಗ್ರಿಯೇ ಬೇಕೆಂದರೆ ಇಗ್ನೋ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಮತ್ತು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ನೋಡಿ. ಇಗ್ನೋದ ಎಂಬಿಎ ಎರಡು ವರ್ಷದ್ದು, ನಾಲ್ಕು ವರ್ಷದವರೆಗೂ ಎಳೆಯಬಹುದು. ಆಫೀಸು, ಮನೆ ಎರಡೂ ಇರುವವರಿಗೆ ಇದು ನಿಜಕ್ಕೂ ದೊಡ್ಡ ಅನುಕೂಲ. ನಾನಾಗಿದ್ದರೆ ಇದನ್ನೇ ಆರಿಸುತ್ತಿದ್ದೆ.

ಕಂಪನಿ ಬದಲಿಸುವುದೇ ಗುರಿಯಾದರೆ ಮಾತ್ರ ನನಗೆ ಅಷ್ಟು ಖಚಿತವಿಲ್ಲ. ಆಗ ಐಐಎಂ ಬೆಂಗಳೂರಿನ ವಾರಾಂತ್ಯದ ಕೋರ್ಸ್‌ನ ಹೆಸರು, ಪರಿಚಯಗಳು ಜಾಸ್ತಿ ಕೆಲಸಕ್ಕೆ ಬರಬಹುದು. ಖರ್ಚು ಮಾತ್ರ ಹಲವು ಪಟ್ಟು.

ಯಾವುದೇ ದೂರಶಿಕ್ಷಣಕ್ಕೆ ಫೀಸ್ ಕಟ್ಟುವ ಮುಂಚೆ ಯುಜಿಸಿಯ ದೂರಶಿಕ್ಷಣ ವಿಭಾಗವಾದ ಡಿಇಬಿಯ ತಾಣದಲ್ಲಿ ಮಾನ್ಯತೆ ಇರುವ ಕೋರ್ಸ್‌ಗಳ ಈ ವರ್ಷದ ಪಟ್ಟಿ ತೆರೆದು, ಕೋರ್ಸ್ ಹೆಸರು ಇದೆಯಾ ನೋಡಿ. ಅಲ್ಲೇ ಡಿಇಬಿ ಐಡಿ (ವಿದ್ಯಾರ್ಥಿಯ ಗುರುತಿನ ಸಂಖ್ಯೆ) ಮಾಡಿಕೊಳ್ಳಿ, ಪ್ರವೇಶಕ್ಕೆ ಬೇಕೇ ಬೇಕು.